ಆಯುಷ್ಮಾನ್ ಕಾರ್ಡ್ ಇದ್ದರೆ ವಿದೇಶದಲ್ಲೂ ಚಿಕಿತ್ಸೆ ಉಚಿತವೇ?

ಶಿರ್ತಾಡಿ, ಮೂಡುಬಿದಿರೆ ಕಡೆಯ ಎಷ್ಟೋ ಮನೆಗಳ ಮಕ್ಕಳು ಹೊರದೇಶದಲ್ಲಿದ್ದಾರೆ. ಅಪ್ಪ-ಅಮ್ಮ ಅಲ್ಲಿಗೆ ಹೊರಟಾಗ ಈ ಪ್ರಶ್ನೆ ಬರುತ್ತದೆ.

ಉತ್ತರ: ಇಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ನಡೆಯುವುದು ಭಾರತದ ನೋಂದಾಯಿತ ಆಸ್ಪತ್ರೆಗಳಲ್ಲಿ ಮಾತ್ರ. ಹೊರಗೆ ಬೇರೆಯೇ ವಿಮೆ ಬೇಕು.

ಹತ್ತು ವರ್ಷದ ವೀಸಾ ಇದ್ದರೆ ಹತ್ತು ವರ್ಷ ಇರಬಹುದೇ?

ಅದೂ ತಪ್ಪು. ಅಮೆರಿಕದ ಪ್ರವಾಸಿ ವೀಸಾ 10 ವರ್ಷದ್ದಾದರೂ ಪ್ರತಿ ಸಲ ಸಾಮಾನ್ಯವಾಗಿ 6 ತಿಂಗಳು ಮಾತ್ರ ಇರಲು ಬಿಡುತ್ತಾರೆ. ಕೊನೆಯ ದಿನಾಂಕ ಐ-94 ದಾಖಲೆಯಲ್ಲಿರುತ್ತದೆ. ಈ ವೀಸಾಕ್ಕೆ ವಿಮೆ ಕಡ್ಡಾಯವಲ್ಲ. ಆದರೆ ಅಲ್ಲಿನ ಆಸ್ಪತ್ರೆ ಬಿಲ್ಲು ಉಳಿತಾಯವನ್ನೇ ನುಂಗಬಹುದು.

ಬೇರೆ ದೇಶಗಳಲ್ಲಿ?

• ಕೆನಡಾ: ಸೂಪರ್ ವೀಸಾದಲ್ಲಿ ಒಮ್ಮೆಗೆ 5 ವರ್ಷದವರೆಗೆ ಇರಬಹುದು. ಕನಿಷ್ಠ 1 ಲಕ್ಷ ಕೆನಡಾ ಡಾಲರ್ ವಿಮೆ ಕಡ್ಡಾಯ.
• ಯುರೋಪಿನ ಷೆಂಗೆನ್ ದೇಶಗಳು: 180 ದಿನಗಳಲ್ಲಿ 90 ದಿನ, ಕನಿಷ್ಠ 30,000 ಯೂರೋ ವಿಮೆ.
• ಯುಎಇ: ಹೆತ್ತವರನ್ನು ನಿವಾಸ ವೀಸಾದಲ್ಲಿ ಕರೆಸಿಕೊಂಡರೆ ಆರೋಗ್ಯ ವಿಮೆ ಬೇಕೇ ಬೇಕು.

ಬಿಪಿ, ಶುಗರ್ ಇದ್ದರೆ?

ಎಡವುವುದು ಇಲ್ಲೇ. ಹಲವು ಪಾಲಿಸಿಗಳು ಮೊದಲೇ ಇದ್ದ ಕಾಯಿಲೆಯ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಕೆಲವು, ಅದು ಹಠಾತ್ತನೆ ಉಲ್ಬಣಿಸಿದಾಗ ಮಾತ್ರ ಮಿತಿಯೊಳಗೆ ಕೊಡುತ್ತವೆ. ಕಾಯಿಲೆ ಮುಚ್ಚಿಟ್ಟರೆ ಕ್ಲೇಮ್ ತಿರಸ್ಕೃತವಾಗಬಹುದು. ಕೊಳ್ಳುವ ಮುನ್ನ ಕೇಳಿ: ವಯಸ್ಸಿನ ಮಿತಿ ಎಷ್ಟು? ಕೈಯಿಂದ ಎಷ್ಟು ಕಟ್ಟಬೇಕು? ಆಸ್ಪತ್ರೆಗೆ ನೇರ ಪಾವತಿಯೇ?

ಮಾತ್ರೆಗಳ ಜೊತೆ ವೈದ್ಯರ ಚೀಟಿಯನ್ನೂ ಕೈಚೀಲದಲ್ಲೇ ಇಡಿ. ನಿಯಮಗಳು ಬದಲಾಗುತ್ತವೆ, ಹೊರಡುವ ಮುನ್ನ ಆ ದೇಶದ ಸರ್ಕಾರಿ ಜಾಲತಾಣ ನೋಡಿ, ಫಾರ್ವರ್ಡ್ ನಂಬಿ ಟಿಕೆಟ್ ಮಾಡಬೇಡಿ.