ಸಿಲೋನ್ ಕಡೆ ತಿರುಗಿದ ಕಿವಿ

ಹಳೇ ಹಾಡು, ಹಳೇ ರೇಡಿಯೋ ಅಂದ್ರೆ ಮನೆ ಹಿರಿಯರ ಮುಖ ಅರಳುತ್ತೆ. ಬುಧವಾರ ರಾತ್ರಿ, ರೇಡಿಯೋ ಸಿಲೋನ್, ಬಿನಾಕಾ ಗೀತ್‌ಮಾಲಾ, ಅಮೀನ್ ಸಯಾನಿ ದನಿ. ಆದರೆ ವೀಕ್ಷಕರೇ, ನಮ್ಮದೇ ಸಿನಿಮಾ ಹಾಡು ಕೇಳೋಕೆ ನಮ್ಮ ಜನ ಪರದೇಶದ ಸ್ಟೇಷನ್ ಯಾಕೆ ಹುಡುಕಬೇಕಿತ್ತು?

ಉತ್ತರ ದೆಹಲಿಯಲ್ಲಿದೆ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಅಂದ್ರೆ ಆಗ್ತಿರಲಿಲ್ಲ. ಜನ ಶಾಸ್ತ್ರೀಯ ಸಂಗೀತ ಕೇಳಲಿ ಅನ್ನೋದು ಅವರ ನಿಲುವು. ನಿರ್ಮಾಪಕರ ಜೊತೆ ಜಟಾಪಟಿಯಾಯ್ತು. ಆಕಾಶವಾಣಿಯಿಂದ ಚಿತ್ರಗೀತೆ ಹೆಚ್ಚುಕಡಿಮೆ ಮಾಯ.

ಅದೇ ಡಿಸೆಂಬರ್‌ನಲ್ಲಿ ಗೀತ್‌ಮಾಲಾ ಶುರು. ಬಾಂಬೆಯಲ್ಲಿ ರೆಕಾರ್ಡ್ ಆದ ಟೇಪು ವಿಮಾನದಲ್ಲಿ ಕೊಲಂಬೋಗೆ ಹೋಗ್ತಿತ್ತು. ಸೈನಿಕರಿಗಾಗಿ ಹಾಕಿದ್ದ ದೊಡ್ಡ ಟ್ರಾನ್ಸ್‌ಮಿಟರ್ ಅಲ್ಲಿತ್ತು. ಶಾರ್ಟ್‌ವೇವ್ ಅಲೆ ಮೇಲಿನ ಅಯಾನುಗೋಳಕ್ಕೆ ತಾಗಿ ಸಾವಿರಾರು ಕಿಲೋಮೀಟರ್ ದೂರ ಇಳಿಯುತ್ತೆ ಅಂತ ನಾನು ಎಂಜಿನಿಯರಿಂಗ್‌ನಲ್ಲಿ ಓದಿದ್ದೆ. ಆ ಅಲೆಗೆ ಗಡಿಯೂ ಇಲ್ಲ, ಸಚಿವರ ಸಹಿಯೂ ಬೇಕಿಲ್ಲ.

ಕೊನೆಗೆ ಸರ್ಕಾರವೇ ಮಣಿಯಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿತು. ಆಗಲೂ ಕೇಸ್ಕರ್ ಅವರೇ ಸಚಿವರು! ನನ್ನ ತಲೆಮಾರು ಬೆಳಗಿನ ತಿಂಡಿ ಜೊತೆ ಕೇಳಿದ ಹಾಡುಗಳೆಲ್ಲ ಆ ಸೋಲಿನ ಫಲ.

ಹಳೇ ಹಾಡಿಗೆ ಕಣ್ಣು ಒದ್ದೆಯಾದಾಗ ಇದೂ ನೆನಪಿರಲಿ. ಏನು ಕೇಳಬೇಕು ಅಂತ ಮೇಲಿನವರು ಹೇಳಿದಾಗ ಜನ ಘೋಷಣೆ ಕೂಗಲಿಲ್ಲ, ಬೀದಿಗಿಳಿಯಲಿಲ್ಲ. ಸುಮ್ಮನೆ ರೇಡಿಯೋ ಕಿವಿ ಹಿಂಡಿದ್ರು, ಗೆದ್ದರು. ಇಂದು ನಿಮ್ಮ ಕೈಯಲ್ಲಿರೋ ರಿಮೋಟಿಗೂ ಅದೇ ಶಕ್ತಿ ಇದೆ. ನಮ್ಮಂಥ ಚಾನೆಲ್‌ನವರಿಗೂ ಆ ಭಯ ಇರಲಿ.