ಬೆಲ್ಟಿನ ಹೊಣೆ ಯಾರದು?

ಚಿತ್ರಮಂದಿರದಲ್ಲಿ ತಣ್ಣಗೆ ಕುಳಿತವರಿಗೆ ಆ ಗಾಳಿ ಎಲ್ಲಿಂದ ಬರುತ್ತಿದೆ ಎಂಬ ಯೋಚನೆ ಬರುವುದು ಅದು ನಿಂತಾಗ ಮಾತ್ರ. ಅನೇಕ ದೊಡ್ಡ ಕಟ್ಟಡಗಳಲ್ಲಿ ಯಾರೂ ಹೋಗದ ಒಂದು ಕೋಣೆಯಿರುತ್ತದೆ. ಅಲ್ಲೊಂದು ಮೋಟಾರು, ಪಕ್ಕದಲ್ಲಿ ತಗಡಿನ ಗೂಡಿನೊಳಗೆ ಬ್ಲೋವರ್, ಎರಡರ ನಡುವೆ ರಬ್ಬರಿನ ಬೆಲ್ಟು. ಈ ಏರ್ಪಾಟಿನಲ್ಲಿ ಬೆಲ್ಟಿನಷ್ಟು ಅಗ್ಗದ ಭಾಗ ಇನ್ನೊಂದಿಲ್ಲ. ಆದರೆ ಅದನ್ನು ನೋಡಿಕೊಳ್ಳಬೇಕಾದವರು ಯಾರು ಎಂಬುದು ಇತ್ಯರ್ಥವಾಗಲು ಬಹುಕಾಲ ಹಿಡಿಯಿತು.

ಗಾಳಿಯನ್ನು ಬಲವಂತವಾಗಿ ಊದುವ ವಿದ್ಯೆ ಹಳೆಯದು. ನಮ್ಮ ಕಮ್ಮಾರರ ತೊಗಲಿನ ತಿದಿ ಎಲ್ಲರಿಗೂ ಗೊತ್ತು. ಗಣಿಯೊಳಗೆ ಗಾಳಿ ಕಳಿಸುವ ರೆಕ್ಕೆಚಕ್ರಗಳ ವಿವರ 1556ರಲ್ಲಿ ಪ್ರಕಟವಾದ ಜರ್ಮನಿಯ ಅಗ್ರಿಕೋಲನ ಗ್ರಂಥದಲ್ಲೇ ಇದೆ. ಇಂದಿನ ಬ್ಲೋವರಿನ ಕಥೆಗೆ ಭಾರತದ ನಂಟೂ ಉಂಟು. ಬೆಲ್‌ಫಾಸ್ಟಿನ ಸ್ಯಾಮ್ಯುಯೆಲ್ ಡೇವಿಡ್‌ಸನ್ 1864ರಲ್ಲಿ, ಇನ್ನೂ ಹದಿಹರೆಯದಲ್ಲಿ, ಅಸ್ಸಾಮಿನ ಕಚಾರ್ ಪ್ರದೇಶದ ಚಹಾ ತೋಟಕ್ಕೆ ಬಂದ. ಚಹಾ ಎಲೆಯನ್ನು ಬಿಸಿಗಾಳಿಯಿಂದ ಒಣಗಿಸುವ ಯಂತ್ರಗಳನ್ನು ರೂಪಿಸಿ, 1881ರಲ್ಲಿ ಊರಿಗೆ ಮರಳಿ 'ಸಿರೊಕೊ' ಕಾರ್ಖಾನೆ ತೆರೆದ. ಮುಂದೆ ಅವನು ತಯಾರಿಸಿದ ಫ್ಯಾನು, ಡೋಲಿನಂಥ ಚಕ್ರದ ಅಂಚಿಗೆ ಮುಂದಕ್ಕೆ ಬಾಗಿದ ಕಿರಿದಾದ ಅನೇಕ ರೆಕ್ಕೆಗಳನ್ನು ಜೋಡಿಸಿದ್ದು. ಇಂದಿಗೂ ಎಷ್ಟೋ ಬ್ಲೋವರುಗಳ ಒಡಲಲ್ಲಿರುವುದು ಅದೇ ಬಗೆಯ ಚಕ್ರ.

ಆ ಕಾಲದ ಕಾರ್ಖಾನೆಗಳಲ್ಲಿ ಪ್ರತಿ ಯಂತ್ರಕ್ಕೂ ಮೋಟಾರಿರಲಿಲ್ಲ. ಒಂದೇ ಉಗಿಯಂತ್ರ ಛಾವಣಿಯ ಕೆಳಗಿನ ಉದ್ದನೆಯ ಶಾಫ್ಟನ್ನು ತಿರುಗಿಸುತ್ತಿತ್ತು. ಅದರಿಂದ ಇಳಿದ ಚರ್ಮದ ಬೆಲ್ಟುಗಳು ಯಂತ್ರಗಳನ್ನು ನಡೆಸುತ್ತಿದ್ದವು. ಬೆಲ್ಟು ಸಡಿಲವಾದರೆ ಆ ಯಂತ್ರದ ಕೆಲಸಗಾರನೇ ಹೇಗೋ ಬಿಗಿ ಮಾಡಿಕೊಳ್ಳಬೇಕು. ಅಮೆರಿಕದ ಫ್ರೆಡರಿಕ್ ಟೇಲರ್ ಒಂಬತ್ತು ವರ್ಷ ಬೆಲ್ಟುಗಳ ಲೆಕ್ಕವಿಟ್ಟು 1893ರಲ್ಲಿ ಪ್ರಬಂಧವೊಂದನ್ನು ಮಂಡಿಸಿದ. ಬೆಲ್ಟಿನ ಬೆಲೆಗಿಂತ, ಅದಕ್ಕಾಗಿ ಕೆಲಸ ನಿಲ್ಲುವುದರಿಂದ ಆಗುವ ನಷ್ಟವೇ ದೊಡ್ಡದು ಎಂಬುದು ಅವನ ವಾದ. ತೂಗಿ ಅಳೆದು ಬಿಗಿ ಮಾಡಬೇಕು, ಆ ಕೆಲಸವನ್ನು ಅದಕ್ಕೆಂದೇ ನೇಮಿಸಿದವನಿಗೆ ಒಪ್ಪಿಸಬೇಕು ಎಂಬುದು ಅವನ ನಿಲುವು. ಕೆಟ್ಟ ಮೇಲೆ ದುರಸ್ತಿ ಎಂಬ ರೂಢಿಗೆ ಇದು ತಿರುಗೇಟಾಗಿತ್ತು.

1917ರಲ್ಲಿ ಅಮೆರಿಕದ ಡೆನ್ವರಿನಲ್ಲಿ ಜಾನ್ ಗೇಟ್ಸ್ ರಬ್ಬರಿನ 'ವಿ' ಬೆಲ್ಟನ್ನು ತಂದ. ಪುಲ್ಲಿಯ ಓರೆಗೋಡೆಗಳ ನಡುವೆ ಬೆಣೆಯಂತೆ ಕೂರುವ ಇದು ಚಪ್ಪಟೆ ಬೆಲ್ಟಿನಂತೆ ಸುಲಭವಾಗಿ ಜಾರದು. ಹಾಗೆಂದು ಆರೈಕೆ ತಪ್ಪಲಿಲ್ಲ. ಸಡಿಲವಾದರೆ ಕಿರುಚುತ್ತದೆ, ಕಾದು ಸವೆಯುತ್ತದೆ. ಅತಿಯಾಗಿ ಬಿಗಿದರೆ ಬೇರಿಂಗು ಹಾಳು. ಎರಡು ಪುಲ್ಲಿಗಳು ಒಂದೇ ನೇರದಲ್ಲಿರಬೇಕು. ಜೋಡಿ ಬೆಲ್ಟುಗಳಲ್ಲಿ ಒಂದು ಹರಿದರೂ ಎರಡನ್ನೂ ಬದಲಿಸಬೇಕು. ಹೊಸದನ್ನು ಒಂದೆರಡು ದಿನ ಓಡಿಸಿ ಮತ್ತೆ ಬಿಗಿ ನೋಡಬೇಕು.

ಗಾಳಿ ಸಾಲದೆಂದು ಮೋಟಾರಿಗೆ ದೊಡ್ಡ ಪುಲ್ಲಿ ಹಾಕುವವರಿದ್ದಾರೆ. ಫ್ಯಾನಿನ ವೇಗ ಶೇಕಡ 10 ಏರಿದರೆ ಗಾಳಿಯೂ ಶೇಕಡ 10ರಷ್ಟೇ ಹೆಚ್ಚುತ್ತದೆ. ಆದರೆ ಮೋಟಾರಿನ ಮೇಲಿನ ಹೊರೆ ಸುಮಾರು ಶೇಕಡ 33 ಏರುತ್ತದೆ. ಮೋಟಾರು ಸುಡುವುದಕ್ಕೆ ಇದೂ ಒಂದು ಕಾರಣ. ಎಷ್ಟೋ ವೇಳೆ ನಿಜವಾದ ದೋಷ ರೆಕ್ಕೆಗಳಿಗೆ ಮೆತ್ತಿದ ಧೂಳಿನಲ್ಲೋ, ಕಟ್ಟಿಕೊಂಡ ಫಿಲ್ಟರಿನಲ್ಲೋ ಇರುತ್ತದೆ.

ಬೆಲ್ಟಿನ ಕೆಲಸದಲ್ಲಿ ಯಂತ್ರಕ್ಕಷ್ಟೇ ಅಲ್ಲ, ಮನುಷ್ಯನಿಗೂ ಅಪಾಯವಿದೆ. ತಿರುಗುವ ಬೆಲ್ಟಿಗೆ ಪಂಚೆಯ ತುದಿ, ಅಂಗಿಯ ತೋಳು ಸಿಕ್ಕಿದರೆ ಕೈಯೇ ಹೋಗಬಹುದು. ಅದಕ್ಕೇ ವಿದ್ಯುತ್ತನ್ನು ಕಡಿದು, ಸ್ವಿಚ್ಚಿಗೆ ಬೀಗ ಹಾಕಿಯೇ ಕವಚ ತೆಗೆಯಬೇಕೆಂಬುದು ಇಂದಿನ ಪಾಠ. ಯಂತ್ರ ಚಾಲನೆಯಲ್ಲಿರುವಾಗಲೇ ಪರೀಕ್ಷಿಸಬೇಕಾಗಿ ಬಂದರೆ ಆ ಕೆಲಸವನ್ನು ವಿಶೇಷ ತರಬೇತಿ ಪಡೆದ ವಯಸ್ಕನೇ, ಬಿಗಿ ಉಡುಪು ತೊಟ್ಟು ಮಾಡಬೇಕೆಂದು ಭಾರತದ 1948ರ ಕಾರ್ಖಾನೆಗಳ ಕಾಯ್ದೆ ವಿಧಿಸಿತ್ತು. ಅವನ ಹೆಸರು ರಿಜಿಸ್ಟರಿನಲ್ಲಿ ದಾಖಲಾಗಿರಬೇಕು ಎಂಬ ಷರತ್ತೂ ಅದರಲ್ಲಿತ್ತು.

ಹೆಸರು ಬರೆದಿಡುವುದೆಂದರೆ ಹೊಣೆಯನ್ನು ಒಬ್ಬರಿಗೆ ವಹಿಸುವುದು. ಎಲ್ಲರದೂ ಆದ ಯಂತ್ರ ಯಾರದೂ ಅಲ್ಲ. ಬ್ಲೋವರ್ ಕೋಣೆಯ ಬಾಗಿಲ ಹಿಂದೆ ತೂಗುವ ಚೀಟಿಯಲ್ಲಿ ಕಳೆದ ತಪಾಸಣೆಯ ತಾರೀಕು, ಮಾಡಿದವರ ಸಹಿ ಇದ್ದರೆ ಕೆಳಗೆ ಕುಳಿತವರು ನೆಮ್ಮದಿಯಿಂದ ಉಸಿರಾಡಬಹುದು.