ಗುರುಗಳಿಲ್ಲದ ಊರಿನ ಪಂಚಾಂಗ

1865ರ ಮಾರ್ಚ್ 17ರಂದು ನಾಗಸಾಕಿಯ ಔರಾ ಇಗರ್ಜಿಯ ಬಾಗಿಲಿಗೆ ಉರಾಕಾಮಿ ಎಂಬ ಹಳ್ಳಿಯ ಕೆಲವು ರೈತರು ಬಂದು ನಿಂತರು. ಆ ಇಗರ್ಜಿಯನ್ನು ಕಟ್ಟಿದ್ದು ವಿದೇಶೀಯರಿಗಾಗಿ. ಜಪಾನೀಯರ ಪಾಲಿಗೆ ಕ್ರೈಸ್ತಧರ್ಮ ಇನ್ನೂ ನಿಷಿದ್ಧವೇ. ಒಳಗೆ ಬಂದವರಲ್ಲಿ ಒಬ್ಬ ಹೆಂಗಸು ಫ್ರೆಂಚ್ ಗುರು ಬರ್ನಾರ್ಡ್ ಪೆಟಿಜಾನರ ಹತ್ತಿರ ಸರಿದು, ತಮ್ಮ ಮನಸ್ಸೂ ಅವರ ಮನಸ್ಸೂ ಒಂದೇ ಎಂದು ಮೆಲ್ಲಗೆ ಹೇಳಿ, ಮಾತೆ ಮರಿಯಳ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು. ಇದನ್ನು ಪವಾಡವೆಂದು ಬಣ್ಣಿಸುವುದು ವಾಡಿಕೆ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಭೇಟಿಯ ಇನ್ನೊಂದು ಮಾತು: ನಾವೀಗ ದುಃಖದ ಕಾಲದಲ್ಲಿದ್ದೇವೆ, ಇವತ್ತಿಗೆ ಹದಿನೇಳನೆಯ ದಿನ ಎಂದು ಅವರು ಹೇಳಿದ್ದು. ಆ ವರ್ಷ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಬಿದ್ದದ್ದು ಮಾರ್ಚ್ 1ಕ್ಕೆ. ಎಣಿಸಿ ನೋಡಿದರೆ ತಪಸ್ಸುಕಾಲದ ಲೆಕ್ಕದಲ್ಲಿ ಒಂದು ದಿನವೂ ಆಚೀಚೆಯಾಗಿಲ್ಲ. ಭಾವಾವೇಶ ಎಷ್ಟೇ ಗಾಢವಾಗಿದ್ದರೂ ಇನ್ನೂರು ವರ್ಷ ತಿಥಿ ತಪ್ಪದಂತೆ ನೋಡಿಕೊಳ್ಳಲಾರದು. ಅದಕ್ಕೆ ಲೆಕ್ಕ ಇಡುವವರು ಬೇಕು.

ಕ್ರೈಸ್ತಧರ್ಮ ಹೊತ್ತು ಫ್ರಾನ್ಸಿಸ್ ಝೇವಿಯರ್ 1549ರಲ್ಲಿ ಜಪಾನಿಗೆ ಬಂದರು. 1614ರಲ್ಲಿ ದೇಶದಾದ್ಯಂತ ನಿಷೇಧ ಬಿತ್ತು. 1644ರ ಹೊತ್ತಿಗೆ ಅಲ್ಲಿ ಉಳಿದಿದ್ದ ಕೊನೆಯ ಗುರುವೂ ಹತನಾಗಿದ್ದ. ಪ್ರತಿ ಮನೆಯೂ ಬೌದ್ಧ ದೇಗುಲವೊಂದರ ದಫ್ತರದಲ್ಲಿ ಹೆಸರು ಬರೆಸಿಕೊಳ್ಳಬೇಕಿತ್ತು. ನಾಗಸಾಕಿ ಸೀಮೆಯಲ್ಲಂತೂ ಕ್ರಿಸ್ತನ ಇಲ್ಲವೇ ಮರಿಯಳ ಚಿತ್ರವನ್ನು ವರ್ಷ ವರ್ಷವೂ ಕಾಲಲ್ಲಿ ತುಳಿದು ತೋರಿಸಬೇಕಿತ್ತು. ಇಂಥಲ್ಲಿ ಉರಾಕಾಮಿಯವರು ಮಾಡಿಕೊಂಡ ಏರ್ಪಾಡು ನೋಡಲು ತೀರ ಸಾಧಾರಣ. ಊರಿಗೊಬ್ಬ ಪಂಚಾಂಗ ಕಾಯುವವ, ಶಿಶುಗಳಿಗೆ ಜ್ಞಾನಸ್ನಾನದ ನೀರು ಹಾಕುವವನೊಬ್ಬ, ಹಬ್ಬ ಎಂದು, ಉಪವಾಸ ಎಂದು ಮನೆಮನೆಗೆ ಮುಟ್ಟಿಸುವವನೊಬ್ಬ. ಅವರ ಪಂಚಾಂಗ ಬಾಸ್ಟಿಯನ್ ಎಂಬ ಉಪದೇಶಿಯ ಹೆಸರಿನಲ್ಲಿ ಬಂದದ್ದು. 1634ರ ಹಬ್ಬಗಳನ್ನು ಜಪಾನಿನ ಚಾಂದ್ರಮಾನಕ್ಕೆ ಹೊಂದಿಸಿದ್ದು. ಲ್ಯಾಟಿನ್, ಪೋರ್ಚುಗೀಸ್, ಜಪಾನಿ ಬೆರೆತ ಪ್ರಾರ್ಥನೆಗಳಿಗೆ ಅವರು ‘ಒರಾಶೊ’ ಎನ್ನುತ್ತಿದ್ದರು. (ಪೋರ್ಚುಗೀಸರ ಹಡಗು ನಮ್ಮ ಕರಾವಳಿಗೆ ‘ಇಗರ್ಜಿ’ಯನ್ನು ತಂದಿಟ್ಟಂತೆ ಅಲ್ಲಿಗೂ ಒಂದಿಷ್ಟು ಮಾತು ಇಳಿಸಿ ಹೋಗಿತ್ತು.) ಆಪತ್ತಿನಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದೆಂಬುದು ಕಥೋಲಿಕ ಧರ್ಮಸಭೆಯ ನಿಯಮ. ಪಾಪನಿವೇದನೆಗೆ ಗುರು ಸಿಗದಾಗ, ಸಿಕ್ಕಾಗ ನಿವೇದಿಸುವ ಸಂಕಲ್ಪದೊಡನೆ ಪೂರ್ಣ ಪಶ್ಚಾತ್ತಾಪ ಪಟ್ಟರೆ ಕ್ಷಮೆಯುಂಟು ಎಂಬುದೂ ಅದರದೇ ಬೋಧನೆ. 1603ರಲ್ಲಿ ಈ ಬೋಧನೆ ಜಪಾನಿ ಭಾಷೆಯಲ್ಲಿ ಕಿರುಹೊತ್ತಗೆಯಾಗಿ ಬಂದಿತ್ತು. ನಿಷೇಧದ ಕಾಲದುದ್ದಕ್ಕೂ ಜನ ಅದನ್ನು ನಕಲು ಮಾಡಿಕೊಂಡರು, ಬಾಯಿಪಾಠ ಮಾಡಿದರು. ಚಿತ್ರ ತುಳಿದು ಮನೆಗೆ ಬಂದವರಿಗೆ ದೇವರತ್ತ ಮರಳಲು ಉಳಿದಿದ್ದ ಹಾದಿ ಈ ಪಶ್ಚಾತ್ತಾಪದ ಪ್ರಾರ್ಥನೆಯೊಂದೇ.

ತುಳಿದವರ ನಂಬಿಕೆ ಎಂಥ ನಂಬಿಕೆ ಎಂಬ ಆಕ್ಷೇಪಣೆ ಹಗುರವಾದುದಲ್ಲ. 1597ರಲ್ಲಿ ಅದೇ ನಾಗಸಾಕಿಯಲ್ಲಿ 26 ಮಂದಿ ಶಿಲುಬೆಯ ಮೇಲೆ ಪ್ರಾಣಬಿಟ್ಟಿದ್ದರು. ಅವರ ಪಕ್ಕದಲ್ಲಿ ಇವರು ಪುಕ್ಕಲರಾಗಿ ಕಾಣುವುದು ಸಹಜ. ಆದರೆ ಎಲ್ಲರೂ ಹುತಾತ್ಮರಾಗಿದ್ದರೆ 1865ರಲ್ಲಿ ತಪಸ್ಸುಕಾಲದ ದಿನ ಎಣಿಸಲು ಅಲ್ಲಿ ಯಾರೂ ಉಳಿದಿರುತ್ತಿರಲಿಲ್ಲ. ಇನ್ನೊಂದು ಆಕ್ಷೇಪಣೆ ಹೆಚ್ಚು ತೊಡಕಿನದು: ಅರ್ಥ ತಿಳಿಯದೆ ಗುನುಗುವುದು ಪ್ರಾರ್ಥನೆಯಾದೀತೆ? ಇಕಿತ್ಸುಕಿ ದ್ವೀಪದಲ್ಲಿ ಒರಾಶೊದ ಎಷ್ಟೋ ಪದಗಳು ಬರಿಯ ಸದ್ದಾಗಿ ಸವೆದಿದ್ದವು. ನಿಷೇಧ ಹೋದ ಮೇಲೂ ಅಲ್ಲಿನ ಬಹಳಷ್ಟು ಮನೆಗಳು ಗುರುಗಳ ಬಳಿಗೆ ಮರಳದೆ ಪೂರ್ವಿಕರ ಪದ್ಧತಿಯಲ್ಲೇ ಉಳಿದವು. ಏರ್ಪಾಡೇ ಧರ್ಮವಾಗಿಬಿಡುವ ಅಪಾಯ ನಿಜ, ಒಪ್ಪುತ್ತೇನೆ. ಉರಾಕಾಮಿಯಲ್ಲಿ ಮಾತ್ರ ಹಾಗಾಗಲಿಲ್ಲ. ಗುರುಗಳು ಸಿಕ್ಕಿದ್ದೇ ತಡ, 1867ರಲ್ಲಿ ಆ ಊರವರು ಸತ್ತವರಿಗೆ ಬೌದ್ಧ ದೇಗುಲದ ಕ್ರಿಯೆ ಬೇಡವೆಂದು ನೇರವಾಗಿಯೇ ಹೇಳಿದರು. ಸೆರೆ, ಹಿಂಸೆ ಶುರುವಾದವು. ಮುಂದೆ ಬಂದ ಮೇಜಿ ಸರ್ಕಾರ ಸುಮಾರು 3,400 ಜನರನ್ನು ದೇಶದ ಮೂಲೆಮೂಲೆಗೆ ಗಡೀಪಾರು ಮಾಡಿತು; 600ಕ್ಕೂ ಹೆಚ್ಚು ಮಂದಿ ಅಲ್ಲೇ ತೀರಿಕೊಂಡರು. ಹತ್ತು ವರ್ಷದ ಹಿಂದಷ್ಟೇ ಚಿತ್ರ ತುಳಿಯುತ್ತಿದ್ದವರು ಈ ಜನವೇ.

1873ರಲ್ಲಿ ಕ್ರೈಸ್ತಧರ್ಮದ ನಿಷೇಧ ಸಾರುತ್ತಿದ್ದ ಹಲಗೆಗಳನ್ನು ಕಿತ್ತರು. ಉಳಿದವರು ಊರಿಗೆ ಬಂದಾಗ ಮನೆ ಹಾಳು, ಕೈ ಬರಿದು. ಆದರೂ 1880ರಲ್ಲಿ ದುಡ್ಡು ಕೂಡಿಸಿ ಹಳ್ಳಿಯ ಮುಖ್ಯಸ್ಥನ ಹಳೆಯ ಮನೆಯನ್ನು ಕೊಂಡು, ಅದನ್ನೇ ಇಗರ್ಜಿ ಮಾಡಿಕೊಂಡರು. ವರ್ಷ ವರ್ಷವೂ ಅವರನ್ನು ಸಾಲಾಗಿ ನಿಲ್ಲಿಸಿ ಚಿತ್ರ ತುಳಿಸುತ್ತಿದ್ದುದು ಆ ಮನೆಯಲ್ಲೇ.